ಕೊಡೆ ಚಿಕ್ಕೀರಯ್ಯನ ಮೆಟ್ಟಿಲು

ನಮ್ಮೂರಿನ ಬಂಡೆಗೆ ಅವಸರವೆಂಬುದು ಇರಲಿಲ್ಲ. ಬೇರೆ ಊರಿನ ಬಂಡೆಗಳು ನೀವು ಕೂಗಿ ಬಾಯಿ ಮುಚ್ಚುವಷ್ಟರಲ್ಲಿ ಕೂಗನ್ನು ವಾಪಸು ಎಸೆಯುತ್ತವೆ, ಬೇಡದ ನೆಂಟನನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ ಹಾಗೆ. ನಮ್ಮದು ಹಾಗಲ್ಲ. ಕೂಗನ್ನು ಒಳಗೆ ಕರೆದು, ಕೂರಿಸಿಕೊಂಡು, ತನಗೆ ತೋಚಿದಾಗ ಕಳಿಸಿಕೊಡುತ್ತಿತ್ತು. ಕೆಲವರ ಕೂಗು ಅವರು ಬಂಡೆ ಇಳಿದು ಚಪ್ಪಲಿ ಹುಡುಕುವಷ್ಟರಲ್ಲಿ ಬರುತ್ತಿತ್ತು. ಕೆಲವರದು ಮಾರನೆಯ ದಿನ ಮಜ್ಜಿಗೆ ಕಡೆಯುವ ಹೊತ್ತಿಗೆ. ಇನ್ನು ಕೆಲವರದು ಎರಡು ಸಂತೆ ಕಳೆದ ಮೇಲೆ, ಊರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ. ಯಾಕೆ ಹೀಗೆ ಎಂದು ಊರಿನಲ್ಲಿ ಯಾರೂ ಕೇಳಿದ್ದನ್ನು ನಾನು ಕಾಣೆ. ಮಾವಿನ ಮರ ಒಂದು ವರ್ಷ ಕಾಯಿ ಬಿಟ್ಟು ಒಂದು ವರ್ಷ ಸುಮ್ಮನಿದ್ದರೆ ಅದನ್ನು ಹಿಡಿದು ವಿಚಾರಣೆ ಮಾಡುತ್ತೇವೆಯೇ?

ವರ್ಷಕ್ಕೊಮ್ಮೆ, ಹುಣಸೆ ಬಡಿಯುವ ಕೆಲಸ ಮುಗಿದ ಮೇಲೆ, ಕೂಗಿನ ದಿನ. ಮೀಸೆ ಬಂದವರು, ಸೀರೆ ಉಟ್ಟವರು ಎಲ್ಲರೂ ಬಂಡೆ ಹತ್ತಿ ತಂತಮ್ಮ ಹೆಸರನ್ನು ಒಂದೇ ಸಲ ಕೂಗಿ ಇಳಿಯಬೇಕು. ಹೆಸರನ್ನು ಮಾತ್ರ ಎಂಬ ಕಟ್ಟಳೆ ಆಮೇಲೆ ಬಂದದ್ದು. ಮೊದಲು ಬಾಯಿಗೆ ಬಂದದ್ದನ್ನು ಕೂಗುತ್ತಿದ್ದರಂತೆ. ಒಬ್ಬ ಅಳಿಯ ಮನಸ್ಸಿನ ಭಾರ ಇಳಿಸಿಕೊಳ್ಳಲು ಅತ್ತೆಯನ್ನು ಬೈದು ಬಂದನಂತೆ. ಬೈಗುಳ ತಿರುಗಿ ಬಂದದ್ದು ಆ ಅತ್ತೆಯ ವೈಕುಂಠ ಸಮಾರಾಧನೆಯ ದಿನ, ಎಲೆಗೆ ಪಾಯಸ ಬೀಳುವ ಹೊತ್ತಿನಲ್ಲಿ. ಅಲ್ಲಿಂದೀಚೆಗೆ ಬರೀ ಹೆಸರು.

ನಾನು ಆಗ ಚಾವಡಿಯ ಎದುರಿಗೆ ಬಾಡಿಗೆ ಪುಸ್ತಕದ ಅಂಗಡಿ ಇಟ್ಟಿದ್ದೆ. ಪುಸ್ತಕದಯ್ಯ ಎಂಬ ಹೆಸರು ಬಿದ್ದಿತ್ತು. ನನ್ನ ನಿಜವಾದ ಹೆಸರು ಬಂಡೆಗೆ ಮಾತ್ರ ನೆನಪಿತ್ತು ಎಂದರೂ ಸರಿ. ಪತ್ತೇದಾರಿ ಕಾದಂಬರಿಗಳಿಗೆ ಹೆಚ್ಚು ಗಿರಾಕಿ. ಅವುಗಳ ಕೊನೆಯ ಪುಟ ಹರಿದು ಹೋಗಿದ್ದರೆ ಕೊಲೆಗಾರ ಯಾರೆಂಬುದನ್ನು ನಾನೇ ಬಾಯಲ್ಲಿ ಹೇಳುತ್ತಿದ್ದೆ, ಒಬ್ಬೊಬ್ಬರಿಗೆ ಒಬ್ಬೊಬ್ಬ ಕೊಲೆಗಾರ. ವ್ಯಾಪಾರ ಕಡಿಮೆ, ಬಿಡುವು ಜಾಸ್ತಿ. ಕಣ್ಣೆದುರಿಗೆ ಚಾವಡಿಯ ಗೋಡೆ. ಆ ಗೋಡೆಯಷ್ಟು ಸೊಗಸಾದ ಪುಸ್ತಕ ನನ್ನ ಅಂಗಡಿಯಲ್ಲಿ ಇರಲಿಲ್ಲ.

ಕೂಗಿನ ದಿನದ ಬೆಳಿಗ್ಗೆ ಗೋಡೆಗೆ ಹೊಸ ಸುಣ್ಣ. ಒಂದೂವರೆ ಆಳೆತ್ತರದಲ್ಲಿ ಅಡ್ಡಕ್ಕೆ ಒಂದು ಕಪ್ಪು ಗೆರೆ, ಅದು ತುದಿ. ಬುಡದಿಂದ ತುದಿಯವರೆಗಿನ ಎತ್ತರವನ್ನು ಆ ವರ್ಷ ಎಷ್ಟು ಜನ ಕೂಗಿದರೋ ಅಷ್ಟು ಸಮಪಾಲು ಮಾಡುತ್ತಿದ್ದರು. ಒಂದು ಪಾಲೆಂದರೆ ಹೆಚ್ಚೂಕಡಿಮೆ ಒಂದು ಭತ್ತದ ಕಾಳಿನ ಉದ್ದ. ಅಡ್ಡಕ್ಕೆ ದಿನಕ್ಕೊಂದು ಮೊಳ. ಎಡಮೂಲೆಯ ಬುಡದಿಂದ ಕೆಮ್ಮಣ್ಣಿನ ಗೆರೆ ಹೊರಡುತ್ತದೆ. ಯಾರ ಕೂಗೂ ಬರದಷ್ಟು ಹೊತ್ತು ಅದು ಸುಮ್ಮನೆ ಅಡ್ಡಕ್ಕೆ ಹೋಗುತ್ತದೆ. ಒಂದು ಕೂಗು ಬಂತೋ, ಅದೇ ಜಾಗದಲ್ಲಿ ಒಂದು ಭತ್ತದಷ್ಟು ಮೇಲಕ್ಕೆ. ಎರಡು ಒಟ್ಟಿಗೆ ಬಂದರೆ ಎರಡು ಭತ್ತ. ಕೆಳಕ್ಕಿಳಿಯುವ ಮಾತಿಲ್ಲ; ಬಂದ ಕೂಗು ಬಾರದ್ದಾಗುವುದಿಲ್ಲವಲ್ಲ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಕಟ್ಟಕಡೆಯವನ ಕೂಗು ಬಂದ ದಿನ ಗೆರೆ ತುದಿಯನ್ನು ಮುಟ್ಟುತ್ತಿತ್ತು. ಗೋಡೆಯ ಯಾವ ದಿನದ ಎದುರಿಗೆ ನಿಂತು ತಲೆಯೆತ್ತಿದರೂ ಅಷ್ಟು ಹೊತ್ತಿಗೆ ಊರಿನ ಎಷ್ಟು ಪಾಲು ಮರಳಿತ್ತು ಎಂಬುದು ಕಣ್ಣಿಗೇ ಕಾಣುತ್ತಿತ್ತು. ಕಾಲುಪಾಲು, ಅರ್ಧಪಾಲು, ಮುಕ್ಕಾಲುಪಾಲು ಎಂದು ಮೂರು ಮೊಳೆ ಹೊಡೆದು ದಾರ ಕಟ್ಟಿರುತ್ತಿದ್ದರು. ಗೆರೆ ಅರ್ಧದ ದಾರವನ್ನು ಯಾರ ಮೆಟ್ಟಿಲಿನಲ್ಲಿ ದಾಟುತ್ತದೋ ಅವರು ಆ ವರ್ಷದ ನಡುಮೆಟ್ಟಿಲು. ಅದೊಂದು ಪದವಿ. ಸಂಬಳವಿಲ್ಲ, ಆದರೆ ಮದುವೆಮನೆಯಲ್ಲಿ ಮೊದಲ ಪಂಕ್ತಿ.

ಹಿಂದೆ ಮೆಟ್ಟಿಲುಗಳಿರಲಿಲ್ಲ, ಕಂಬಗಳಿದ್ದವು ಎಂದು ಹಳಬರು ಹೇಳುತ್ತಿದ್ದರು. ಬೀದಿಗೊಂದು ಸಾಲು, ದಿನಕ್ಕೆ ಎಷ್ಟು ಕೂಗು ಬಂದವೋ ಅಷ್ಟೆತ್ತರದ ಒಂದು ಕಂಬ. ಅದರಿಂದ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ತಲೆ ಒಡೆಯುವಷ್ಟು ಜಗಳ. ದಿನಕ್ಕೊಂದು ಕಂಬ ಬರೆದರೆ ಮೇಲಿನ ಬೀದಿ ಚುರುಕಾಗಿ ಕಾಣುತ್ತಿತ್ತು. ಎರಡು ದಿನಕ್ಕೊಂದು ಬರೆದರೆ ಕೆಳಗಿನ ಬೀದಿ. ಬಂದ ಕೂಗುಗಳು ಅವೇ, ಕಂಬದ ಅಗಲ ಬದಲಾದರೆ ಚಿತ್ರವೇ ಬದಲು. ಅಗಲ ಎಷ್ಟಿರಬೇಕೆಂದು ತೀರ್ಮಾನಿಸಲು ಮೂರು ಪಂಚಾಯಿತಿ ಕೂತು ಮೂರೂ ಮುರಿದವಂತೆ. ಆಗ ಗೋಡೆ ಬರೆಯುತ್ತಿದ್ದ ಮುದುಕಿಗೆ ರೇಗಿತು. ಪ್ರತಿ ದಿನದ ಕಂಬವನ್ನೂ ಹಿಂದಿನ ದಿನದ ಕಂಬದ ತಲೆಯ ಮೇಲೆ ಹೊರಿಸಿದಳು. ಎಲ್ಲ ಕಂಬಗಳೂ ಒಂದರ ಹೆಗಲ ಮೇಲೊಂದು ನಿಂತು ಏರುತ್ತ ಹೋದವು. ಆದರೂ ಅಗಲದ ತಕರಾರು ತೀರಲಿಲ್ಲ. ಕೊನೆಗೆ ಕಂಬಗಳನ್ನೇ ಕಿತ್ತು ಬಿಸಾಕಿ, ಪ್ರತಿಯೊಬ್ಬರ ಕೂಗಿಗೂ ಅದು ಬಂದ ಗಳಿಗೆಯಲ್ಲೇ ಅದರದೇ ಒಂದು ಮೆಟ್ಟಿಲು ಕೊಟ್ಟುಬಿಟ್ಟಳು. "ತಗಳಿ, ಈಗ ಅಗಲಾನೇ ಇಲ್ಲ. ಇನ್ಯಾವುದಕ್ಕೆ ಹೊಡೆದಾಡ್ತೀರೋ ಹೊಡೆದಾಡ್ಕೊಳಿ," ಎಂದಳಂತೆ. ಆ ಮುದುಕಿಯ ಸೊಸೆಯೇ ಹೊಂಬಾಳಕ್ಕ. ನಾನು ಕಂಡಂತೆ ಗೋಡೆ ಬರೆಯುತ್ತಿದ್ದವಳು ಅವಳು.

ಹೊಂಬಾಳಕ್ಕ ಎಂದರೆ ತೆಳ್ಳಗೆ, ಉದ್ದಕ್ಕೆ, ಸೊಂಟಕ್ಕೆ ಸೆರಗು ಬಿಗಿದು, ಬಾಯಿಯ ಒಂದು ಮೂಲೆಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಇನ್ನೊಂದು ಮೂಲೆಯಿಂದ ಮಾತಾಡುವ ಹೆಂಗಸು. ಈಚಲು ಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚ. ಕೂಗು ಬಂದಾಗ ಎಲ್ಲಿದ್ದರೂ ಗೋಡೆಯ ಹತ್ತಿರ ಬಂದು ಮೆಟ್ಟಿಲು ಏರಿಸುತ್ತಿದ್ದಳು. ಬರದ ದಿನ ಹೊತ್ತು ಮುಳುಗುವ ಮುಂಚೆ ಆ ದಿನದ ಒಂದು ಮೊಳ ಅಡ್ಡಗೆರೆ. ಅವಳ ಗಂಡ ಚಿಕ್ಕೀರಯ್ಯ ಕೊಡೆ ರಿಪೇರಿ ಮಾಡುತ್ತಿದ್ದ. ಕೊಡೆ ಚಿಕ್ಕೀರಯ್ಯ ಎಂದೇ ಹೆಸರು. ಎಲ್ಲದಕ್ಕೂ ತಡ. ಮಳೆಗಾಲದಲ್ಲಿ ಕೊಟ್ಟ ಕೊಡೆ ಸಂಕ್ರಾಂತಿಗೆ ಕೈಸೇರುತ್ತಿತ್ತು. ಅವನ ಕೂಗೂ ವರ್ಷವರ್ಷವೂ ಕೊನೆಯ ಐದಾರರಲ್ಲೇ ಬರುತ್ತಿತ್ತು. "ಹೊಸಿಲು ದಾಟಕ್ಕೇ ಒಂದು ಗಳಿಗೆ ಬೇಕು ಇವರಿಗೆ. ಕೂಗು ಇನ್ಯಾವ ಸೀಮೆಯಿಂದ ಓಡಿ ಬರುತ್ತೆ?" ಎಂದು ಅವಳು ಗೋಡೆಯ ಮುಂದಿನ ಸ್ಟೂಲಿನ ಮೇಲಿಂದಲೇ ಊರಿಗೆ ಕೇಳಿಸುವಂತೆ ಗೊಣಗುತ್ತಿದ್ದಳು. ಅವನು ಕೆಳಗೆ ಕೆಮ್ಮಣ್ಣು ಕಲಸುತ್ತ, "ಬರ್ತದೆ ಕಣೇ, ಎಲ್ಲೋಗ್ತದೆ," ಎನ್ನುತ್ತಿದ್ದ.

ಊರಿನ ಬದುಕೆಲ್ಲ ಆ ಗೋಡೆಗೆ ಒಗ್ಗಿಕೊಂಡಿತ್ತು. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು, "ಹುಡುಗಿ ಯಾವ ಪಾಲಲ್ಲಿ?" ಎಂದು ಕೇಳುತ್ತಿದ್ದರು. ಕಾಲುಪಾಲಿನೊಳಗೆ ಬಂದವರು ಚುರುಕು, ಮುಕ್ಕಾಲಿನಾಚೆ ಬಂದವರು ಗಂಭೀರ. ಹೀಗಾಗಿ ಯಾರಿಗೂ ನಷ್ಟವಿರಲಿಲ್ಲ; ಗೋಡೆ ಹೇಳಿದ್ದು ಎಷ್ಟೋ ಅಷ್ಟು, ಉಳಿದದ್ದನ್ನು ಹೊಗಳಿಕೆ ತುಂಬುತ್ತಿತ್ತು. ಒಂದೇ ಒಂದು ಬಿಗಿಯಾದ ಕಟ್ಟಳೆಯಿತ್ತು. ಗೆರೆ ತುದಿ ಮುಟ್ಟುವವರೆಗೆ ಊರಿನಲ್ಲಿ ಚಪ್ಪರ ಏಳುವಂತಿಲ್ಲ. ಕೂಗಿದವರೆಲ್ಲ ಮರಳದೆ ಹೊಸ ಸಂಸಾರ ಕೂಡಿಸುವುದು ಸಲ್ಲ ಎಂದು ಯಾರೋ ಯಾವಾಗಲೋ ಹೇಳಿದ್ದರು. ಎರಡು ಮೂರು ವಾರದ ಮಾತಾದ್ದರಿಂದ ಅದು ಯಾರಿಗೂ ಭಾರವಾಗಿರಲಿಲ್ಲ.

ಆ ವರ್ಷ, ಕೂಗಿನ ದಿನ ಕಳೆದ ವಾರಕ್ಕೆ, ಚಿಕ್ಕೀರಯ್ಯ ಊಟ ಮಾಡಿ, ಅಡಿಕೆ ಹಾಕಿಕೊಂಡು, ಜಗಲಿಯ ಕಂಬಕ್ಕೆ ಒರಗಿದವನು ಏಳಲಿಲ್ಲ. ತೊಡೆಯ ಮೇಲೆ ಅರ್ಧ ಬಿಚ್ಚಿದ ಕೊಡೆಯೊಂದಿತ್ತು. ಹೊಂಬಾಳಕ್ಕ ಅತ್ತಳು, ಮಣ್ಣು ಮಾಡಿ ಬಂದವರಿಗೆ ನೀರು ಕೊಟ್ಟಳು, ಹೊತ್ತು ಮುಳುಗುವ ಮುಂಚೆ ಬಂದು ಆ ದಿನದ ಗೆರೆ ಎಳೆದಳು. ಯಾರೋ ಸೂತಕದ ಮಾತೆತ್ತಿದರು. "ಗೆರೆಗೆ ಸೂತಕ ಇಲ್ಲ," ಎಂದಳು. ಆಮೇಲೆ ಎರಡು ವಾರದಲ್ಲಿ ಉಳಿದವರ ಕೂಗುಗಳೆಲ್ಲ ಬಂದವು. ಗೆರೆ ತುದಿಗೆ ಒಂದು ಭತ್ತದಷ್ಟು ಕೆಳಗೆ ಬಂದು, ಅಡ್ಡಕ್ಕೆ ತಿರುಗಿ, ಅಡ್ಡಕ್ಕೇ ಹೋಗತೊಡಗಿತು.

ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಚಿಕ್ಕೀರಯ್ಯನ ಕೂಗಲ್ಲವೇ, ತಡವಾದೀತು. ತಿಂಗಳಾಯಿತು. ಊರಿನ ಯಜಮಾನ ಪುಟ್ಟಮಾದಪ್ಪನವರ ಮಗಳು ಚೆಲುವಿಯ ಮದುವೆ ಗೊತ್ತಾಗಿತ್ತು. ಚಪ್ಪರದ ಗಳುಗಳು ಬಂದು ಅವರ ಮನೆಯ ಗೋಡೆಗೆ ಒರಗಿ, ಒಣಗಿ, ಗಳುಗಳ ಮೇಲೆ ಹೀರೆಬಳ್ಳಿ ಹಬ್ಬಿ ಹೂವೂ ಬಿಟ್ಟಿತು. ಗಂಡಿನ ಕಡೆಯವರು ಮೊದಲು ನಯವಾಗಿ ವಿಚಾರಿಸಿದರು, ಆಮೇಲೆ ನಯ ಬಿಟ್ಟು ವಿಚಾರಿಸಿದರು. ಊರಿನಲ್ಲಿ ಇನ್ನೂ ನಾಲ್ಕಾರು ಮದುವೆಗಳು ಕಾದಿದ್ದವು. ಯಜಮಾನರು ಚಾವಡಿಯಲ್ಲಿ ಊರನ್ನು ಸೇರಿಸಿದರು.

"ಅಕ್ಕ, ನಿಮ್ಮ ಸಂಕಟ ನಮಗೆ ಗೊತ್ತಿಲ್ಲ ಅಂತ ಅಲ್ಲ," ಎಂದು ಶುರುಮಾಡಿದರು. ಹೀಗೆ ಶುರುವಾದ ಮಾತು ಎಲ್ಲಿ ಮುಗಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. "ಆದ್ರೆ ಸತ್ತೋರ ಕೂಗು ಬರುತ್ತಾ? ಇವತ್ತಿನವರೆಗೆ ಬಂದಿದ್ದಿಲ್ಲ. ಬರಲ್ಲ ಅಂದ್ಮೇಲೆ ಕೂಗಿದೋರ ಲೆಕ್ಕದಲ್ಲಿ ಅವರನ್ನ ಯಾಕೆ ಇಟ್ಕೋಬೇಕು? ಅವರೊಬ್ರನ್ನ ಬಿಟ್ಟು ಎತ್ತರ ಭಾಗ ಮಾಡಿ. ಗೆರೆ ತಾನಾಗೇ ತುದಿ ಮುಟ್ಟುತ್ತೆ."

"ಅವತ್ತು ಅವರು ಬಂಡೆ ಹತ್ತಿ ಕೂಗಿದ್ರೋ ಇಲ್ವೋ?" ಎಂದಳು ಹೊಂಬಾಳಕ್ಕ.

"ಕೂಗಿದ್ರು. ನಾನೇ ಪಕ್ಕದಲ್ಲಿದ್ದೆ."

"ಕೂಗಿದೋರನ್ನ ಕೂಗಲೇ ಇಲ್ಲ ಅಂತ ನನ್ನ ಕೈಲೇ ಬರೆಸ್ತೀರಾ ಯಜಮಾನ್ರೇ? ಬರಲ್ಲ ಅನ್ನೋದು ಬೇರೆ, ಇನ್ನೂ ಬಂದಿಲ್ಲ ಅನ್ನೋದು ಬೇರೆ. ಗೋಡೆ ಮೇಲೆ ಇರೋದು ಎರಡನೇದು."

"ಒಂದು ಭತ್ತದ ಕಾಳಿನ ಸಂದಿಗೆ ಆರು ಮದುವೆ ನಿಲ್ಲೋದು ಸರಿಯಾ ಅಕ್ಕ?"

ಸರಿಯಲ್ಲ ಎಂದು ಅವಳಿಗೂ ಕಂಡಿತ್ತು. ಚಾವಡಿಯಲ್ಲಿ ಕೂತ ಮುಖಗಳನ್ನೆಲ್ಲ ಒಮ್ಮೆ ನೋಡಿದಳು. ಎಲ್ಲ ಮುಖಗಳೂ ಕರುಣೆಯಿಂದ ನೆಲ ನೋಡುತ್ತಿದ್ದವು. ಅಂದರೆ ತೀರ್ಮಾನವಾಗಿತ್ತು. "ಆಗಲಿ," ಎಂದಳು. "ಊರು ಹೇಳಿದ ಮೇಲೆ ಬರೀತೀನಿ. ಆದ್ರೆ ಇಡೀ ಗೋಡೆ ಅಳಿಸಿ ಬುಡದಿಂದ ಬರೀಬೇಕಾಗುತ್ತೆ. ಒಬ್ರು ಕಮ್ಮಿ ಆದ್ರೆ ಉಳಿದೋರ ಪಾಲೆಲ್ಲ ಒಂದೊಂದು ಕೂದಲೆಳೆ ದೊಡ್ಡದಾಗುತ್ತೆ. ಯಾರ ಮೆಟ್ಟಿಲೂ ಈಗಿರೋ ಎತ್ತರದಲ್ಲಿ ಇರಲ್ಲ."

"ಕೂದಲೆಳೆ ತಾನೇ, ಇರ್ಲಿ ಬಿಡಕ್ಕ," ಎಂದು ಹಿಂದಿನಿಂದ ಯಾರೋ ಉದಾರವಾಗಿ ಹೇಳಿದರು.

"ಮತ್ತೆ ನಡುಮೆಟ್ಟಿಲು ಬೋರಲಿಂಗಣ್ಣಂದು ಆಗಿರಲ್ಲ."

ಬೋರಲಿಂಗನ ವಿಷಯ ಹೇಳಬೇಕು. ಸೈಕಲ್ ಅಂಗಡಿಯವನು. ಜೀವಮಾನದಲ್ಲಿ ಮೊದಲ ಸಲ, ಆ ವರ್ಷ, ಗೆರೆ ಅರ್ಧದ ದಾರವನ್ನು ದಾಟಿದ್ದು ಅವನ ಮೆಟ್ಟಿಲಿನಲ್ಲಿ. ಆ ವಾರವೇ ಅಂಗಡಿಯ ಹಳೆಯ ಬೋರ್ಡು ಇಳಿಸಿ 'ನಡುಮೆಟ್ಟಿಲು ಸೈಕಲ್ ಶಾಪ್' ಎಂದು ಹಳದಿ ಅಕ್ಷರದಲ್ಲಿ ಹೊಸದು ಬರೆಸಿದ್ದ. ಇಷ್ಟು ಹೊತ್ತು ಕರುಣೆಯಿಂದ ನೆಲ ನೋಡುತ್ತಿದ್ದವನು ತಟ್ಟನೆ ತಲೆಯೆತ್ತಿದ.

"ಅದ್ಯಾಕೆ ಆಗಿರಲ್ಲ?"

"ಈ ಸಲ ಕೂಗಿದೋರು ಬೆಸಸಂಖ್ಯೆ ಅಣ್ಣ. ಬೆಸ ಇದ್ರೆ ಸರಿಯಾಗಿ ನಡುವೆ ಒಬ್ಬರು ನಿಂತಿರ್ತಾರೆ. ಅದು ನೀವು. ಒಬ್ರನ್ನ ತೆಗೆದ್ರೆ ಸಮ ಆಗುತ್ತೆ. ಆಗ ನಡುವೆ ಯಾರೂ ಇರಲ್ಲ, ಇಬ್ಬರ ನಡುವಿನ ಸಂದು ಇರುತ್ತೆ. ಅರ್ಧ ನಿಮಗೆ, ಅರ್ಧ ನಿಮಗಿಂತ ಒಂದು ಗಳಿಗೆ ಮುಂಚೆ ಬಂದ ದ್ಯಾವಮ್ಮಂಗೆ."

ಸೊಪ್ಪು ಮಾರುವ ದ್ಯಾವಮ್ಮ ಮೂಲೆಯಲ್ಲಿ ಸೀರೆ ಸರಿಮಾಡಿಕೊಂಡು ನೆಟ್ಟಗೆ ಕೂತಳು. "ಬೋರ್ಡಲ್ಲಿ ನನ್ನೆಸರೂ ಹಾಕ್ಸು ಮತ್ತೆ," ಎಂದಳು.

ಬೋರಲಿಂಗ ಎದ್ದು ನಿಂತ. "ಏನ್ರೀ ಇದು ಅನ್ಯಾಯ! ಚಿಕ್ಕೀರಯ್ಯಣ್ಣ ಎಂಥಾ ಮನುಷ್ಯ! ಊರಿನ ಯಾವ ತಲೆ ಅವರ ಕೊಡೆ ಕೆಳಗೆ ನಿಂತಿಲ್ಲ ಹೇಳಿ. ಅವರನ್ನ ಬಿಟ್ಟು ಊರು ಲೆಕ್ಕ ಹಾಕೋದಾ? ಥೂ, ನನ್ನ ಜೀವ ಇರೋವರೆಗೆ ಆಗಲ್ಲ!"

ಇದಾದ ಮೇಲೆ ಚಾವಡಿ ಚಾವಡಿಯಾಗಿ ಉಳಿಯಲಿಲ್ಲ. ಕಾಲುಪಾಲಿನ ದಾರಕ್ಕೆ ತಾಗಿದಂತೆ ಬಂದು, ಅದನ್ನೇ ಹೇಳಿಕೊಂಡು ಮಗಳನ್ನು ಒಳ್ಳೆಯ ಕಡೆಗೆ ಕೊಡಲು ಹೊರಟಿದ್ದವರೊಬ್ಬರು ತಾವು ದಾರದ ಆಚೆ ಬೀಳುತ್ತೇವೋ ಈಚೆಯೋ ಎಂದು ಕೇಳಿದರು. ಮತ್ತೊಬ್ಬರ ಮೆಟ್ಟಿಲು ಗೋಡೆಯ ಕಿಟಕಿಯ ಚೌಕಟ್ಟಿಗೆ ಸರಿಯಾಗಿ ಇತ್ತು, ಅಷ್ಟೇ. ಅದನ್ನು ಅಲ್ಲಿಂದ ಕದಲಿಸಲು ಅವರಿಗೆ ಇಷ್ಟವಿರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಕೂದಲೆಳೆಯನ್ನು ದಾನ ಮಾಡಿದ್ದ ಜನ ಈಗ ಕೂದಲೆಳೆಗಾಗಿ ಪ್ರಾಣ ಬಿಡಲು ಸಿದ್ಧರಾಗಿದ್ದರು. ಎಲ್ಲರ ಬಾಯಲ್ಲೂ ಚಿಕ್ಕೀರಯ್ಯನ ಗುಣಗಾನ. ನಮ್ಮೂರಿನಲ್ಲಿ ದಯೆ ಬರುತ್ತಿರಲಿಲ್ಲ ಎಂದಲ್ಲ, ಬರುತ್ತಿತ್ತು, ಹಿತ್ತಿಲ ಬಾಗಿಲಿಂದ.

"ಹಾಗಾದ್ರೆ ಮದುವೆಗಳ ಗತಿ?" ಎಂದು ಯಜಮಾನರು ಕೂಗಿದರು.

ಉತ್ತರ ಕೊಟ್ಟವಳು ಅವರ ಮಗಳೇ. ಚೆಲುವಿ ಹೆಂಗಸರ ಗುಂಪಿನಿಂದ ಮುಂದೆ ಬಂದು ಹೇಳಿದಳು: "ಅಪ್ಪಾ, ನಂಗೆ ಬೇಕಾಗಿರೋದು ಮದುವೆ, ಭಾಗಾಕಾರ ಅಲ್ಲ. ಗೆರೆ ನಿಂತೇನೂ ಹೋಗಿಲ್ವಲ್ಲ, ದಿನಾ ಒಂದು ಮೊಳ ನಡೀತಾ ಇದೆ. ನಡೀತಿರೋ ಗೆರೆ ಪಕ್ಕದಲ್ಲಿ ಚಪ್ಪರ ಹಾಕಿದ್ರೆ ಗಳು ಮುರಿದು ಬೀಳುತ್ತಾ? ಹಾಕಿ ನೋಡಾಣ."

ಹಾಕಿದರು. ಬೀಳಲಿಲ್ಲ. ಒಂದು ಕಟ್ಟಳೆ ಮುರಿದರೆ ಊರು ಮುಳುಗುತ್ತದೆಂದು ನಂಬಿದ್ದವರು ಹೋಳಿಗೆ ಊಟ ಮಾಡಿ ಮಲಗಿ ಎದ್ದರು. ಮಾರನೆಯ ದಿನ ನಾನು ಹೊಂಬಾಳಕ್ಕನನ್ನು ಕೇಳಿದೆ: "ಅಕ್ಕ, ನಡುಮೆಟ್ಟಿಲಿನ ಮಾತು ಬೇಕಂತಲೇ ತೆಗೆದ್ರಾ?"

"ಇದ್ದದ್ದು ಹೇಳ್ದೆ," ಎಂದಳು ಎಲೆಯಡಿಕೆಯ ಆಚೆಯಿಂದ. "ಲೆಕ್ಕ ಹಾಗೆ ಇದ್ರೆ ನಾನೇನ್ ಮಾಡ್ಲಿ?"

ಚಾವಡಿಯ ಗೋಡೆ ಮುಗಿಯಿತು. ಅವಳು ಮೂಲೆ ತಿರುಗಿಸಿ ಪಕ್ಕದ ಗೋಡೆಗೆ ಗೆರೆಯನ್ನು ದಾಟಿಸಿದಳು. ಅದೂ ಮುಗಿದ ಮೇಲೆ ಕೆಳಗಿನ ಬೀದಿಯ ಮನೆಗಳು. ಗಾರೆಯವರು ಮಟ್ಟ ನೋಡುವ ನೀರಿನ ಕೊಳವೆ ಹಿಡಿದು, ಚಾವಡಿಯಲ್ಲಿದ್ದ ಅದೇ ಮಟ್ಟವನ್ನು ಮನೆಯಿಂದ ಮನೆಗೆ ಒಯ್ಯುತ್ತಿದ್ದಳು. ಮನೆಯವರು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ತಮ್ಮ ಗೋಡೆಗೆ ಯಾವಾಗ ಬರುತ್ತದೆಂದು ವಿಚಾರಿಸತೊಡಗಿದರು. ಕೆಳಗಿನ ಬೀದಿ ಇಳಿಜಾರು. ಗೆರೆ ಮಟ್ಟವಾಗಿಯೇ ಹೋಗುತ್ತಿದ್ದರೂ ಬೀದಿ ಇಳಿಯುತ್ತ ಹೋದಂತೆ ಅದು ಬಾಗಿಲವಾಡ ದಾಟಿ, ಗೂಡು ದಾಟಿ, ಸೂರಿನ ಹತ್ತಿರಕ್ಕೆ ಏರಿತು. ಹೊರಗಿನಿಂದ ಬಂದವರು ಗೆರೆ ಹತ್ತುತ್ತಿದೆ ಎಂದುಕೊಳ್ಳುತ್ತಿದ್ದರು. ಇಳಿಯುತ್ತಿದ್ದವರು ನಾವು. ಅವಳಿಗೆ ಏಣಿ ಬೇಕಾಯಿತು. ಬೋರಲಿಂಗ ಏಣಿ ಹೊತ್ತು ತಂದುಕೊಟ್ಟ. ಅವನ ಭಕ್ತಿಗೆ ಈಗ ಮಿತಿಯಿರಲಿಲ್ಲ.

ಒಂದು ಮಧ್ಯಾಹ್ನ ಅವಳು ನನ್ನ ಅಂಗಡಿಗೆ ಬಂದು ಕೂತಳು. ಹಿಂದಿನ ವಾರ ಒಯ್ದ ಕಾದಂಬರಿಯನ್ನು ಮೇಜಿನ ಮೇಲಿಟ್ಟು, "ಕೊನೇ ಪುಟ ಹರಿದಿರೋದು ಇನ್ನೊಂದು ಇದ್ರೆ ಕೊಡಿ," ಎಂದಳು.

"ಹರಿದಿರೋದೇ ಬೇಕಾ? ಇದರ ಕೊಲೆಗಾರನ್ನಾದ್ರೂ ಹೇಳ್ತೀನಿ ಇರಿ."

"ಬೇಡ, ಹೇಳ್ಬೇಡಿ." ಹೊರಗೆ ಗೋಡೆಯ ಕಡೆ ತಿರುಗಿದಳು. "ಪುಸ್ತಕದಯ್ಯ, ಊರೆಲ್ಲ ತಿಳ್ಕೊಂಡಿರೋದು ಏನು? ಅವರ ಕೂಗು ಬರ್ಲಿ ಅಂತ ನಾನು ಕಾಯ್ತಿದೀನಿ ಅಂತ. ಕಾಯ್ತಿರೋದು ನಿಜ. ಹಾಲು ಉಕ್ಕಿದ್ರೂ ಗೊತ್ತಾಗಲ್ಲ, ಕಿವಿಯೆಲ್ಲ ಬಂಡೆ ಕಡೆಗೆ. ಆದ್ರೆ ಬಂದ್ಬಿಟ್ರೆ?"

ನಾನು ಮೇಜಿನ ಮೇಲಿದ್ದ ಕಾದಂಬರಿಯನ್ನು ಎತ್ತಿ ಕಪಾಟಿಗೆ ಸೇರಿಸಿದೆ.

"ಒಂದೇ ಒಂದು ಸಲ ಬರೋದು ಅದು. ಬಂದ್ಮೇಲೆ ಮೆಟ್ಟಿಲು ಏರಿಸ್ಬೇಕು. ಏರಿಸಿದ್ರೆ ತುದಿ. ಅಲ್ಲಿಗೆ ಅವರದು ಎಲ್ಲಾ ಮುಗೀತು. ಈ ಅಡ್ಡಗೆರೆ ಇರೋವರೆಗೆ ಅವರು ಎಲ್ಲೋ ಕೊಡೆ ಕೊಟ್ಟು ಬರಕ್ಕೆ ಹೋಗಿದಾರೆ, ತಡ ಆಗಿದೆ, ಅಷ್ಟೇ." ಎದ್ದಳು. "ಬರ್ಬಾರ್ದು ಅಂತ ಬೇಡ್ಕೊಳ್ಳೋ ಹೆಂಡ್ತೀನ ನಿಮ್ಮ ಯಾವ ಪುಸ್ತಕದಲ್ಲಾದ್ರೂ ಓದಿದೀರಾ?"

ನನ್ನ ಅಂಗಡಿಯಲ್ಲಿ ಅಂಥ ಪುಸ್ತಕವಿರಲಿಲ್ಲ. ಕೊನೆಯ ಪುಟ ಹರಿದದ್ದೊಂದನ್ನು ಕೊಟ್ಟು ಕಳಿಸಿದೆ.

ಮಳೆ ಬಂದು ಹೋಯಿತು. ಸೂರಿನ ಕೆಳಗಿದ್ದ ಗೆರೆ ಅಷ್ಟಾಗಿ ಅಳಿ‍ಯಲಿಲ್ಲ, ಅಳಿದಲ್ಲಿ ಆಯಾ ಮನೆಯವರೇ ತಿದ್ದಿಕೊಂಡರು. ಗೆರೆ ಬೀದಿಯ ತುದಿಯಲ್ಲಿದ್ದ ಯಜಮಾನರ ಮನೆಯ ಗೋಡೆಗೆ ಬಂದು, ಮಹಡಿಯ ಕಿಟಕಿಯ ಕೆಳಗೆ ಹಾದು ಹೋಗುತ್ತಿತ್ತು. ಅಂದು ಸಂತೆ. ಕೆಳಗಿನ ಬೀದಿಯ ಉದ್ದಕ್ಕೂ ಮೆಣಸಿನಕಾಯಿ, ಬುಟ್ಟಿ, ಕೋಳಿ, ಜನ. ಹೊಂಬಾಳಕ್ಕ ಅವರೆಕಾಯಿ ಕೊಳ್ಳುತ್ತ ಚೌಕಾಸಿ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಹಳೆಯ ಪುಸ್ತಕದ ಒಂದು ಗಂಟನ್ನು ಬಿಚ್ಚಿ ನೋಡುತ್ತಿದ್ದೆ. ಆಗ ಬಂತು.

"ಕೊಡೆ... ಚಿಕ್ಕೀರಯ್ಯಾ..."

ನಿಧಾನವಾಗಿ, ಕೊನೆಯ ಅಕ್ಷರವನ್ನು ಎಳೆದು, ಅವನು ಬದುಕಿದ್ದಾಗ ಹೇಗೋ ಹಾಗೆ. ಆಮೇಲೆ ಒಂದು ಕೆಮ್ಮು. ಬಂಡೆ ಒಮ್ಮೊಮ್ಮೆ ಹೆಸರಿನ ಬೆನ್ನಿಗೆ ಬಿದ್ದ ಮಾತನ್ನೂ ಎತ್ತಿಟ್ಟುಕೊಂಡಿರುತ್ತಿತ್ತು. ಕೂಗಿ ಮುಗಿಸಿ, ಪಕ್ಕಕ್ಕೆ ತಿರುಗಿ, ಅವನು ಹೆಂಡತಿಗೆ ಹೇಳಿದ್ದೂ ಬಂತು: "ಹ್ಞೂಂ, ಆಯ್ತಲ್ಲ. ನಡಿಯೇ, ಹೊಟ್ಟೆ ಹಸೀತದೆ."

ಸಂತೆಗೆ ಸಂತೆಯೇ ನಿಂತಿತು. ತಕ್ಕಡಿ ಹಿಡಿದವನ ಕೈ ಮೇಲೆಯೇ ಉಳಿಯಿತು. ಎಲ್ಲರ ಕಣ್ಣೂ ಹೊಂಬಾಳಕ್ಕನ ಕಡೆಗೆ. ಅವಳು ಸೆರಗಿನಲ್ಲಿದ್ದ ಅವರೆಕಾಯಿಯನ್ನೇ ನೋಡುತ್ತಿದ್ದಳು. ಯಾವಾಗಲೂ ಕೂಗು ಬಂದ ಗಳಿಗೆಯಲ್ಲೇ ಕುಂಚಕ್ಕೆ ಓಡುತ್ತಿದ್ದವಳು ಓಡಲಿಲ್ಲ. ತಲೆಯೆತ್ತಿ, ಮಾರುವವಳಿಗೆ, "ಎಳೇದು ಹಾಕಿದೀಯಲ್ಲೇ. ತೆಗಿ, ಬಲಿತಿರೋದು ಹಾಕು," ಎಂದಳು.

ಯಜಮಾನರು ಹತ್ತು ಹೆಜ್ಜೆ ಆಚೆ ನಿಂತಿದ್ದರು. ಆ ಭತ್ತದ ಕಾಳಿಗಾಗಿ ತಿಂಗಳುಗಟ್ಟಲೆ ಕಾದವರು ಅವರು. ಒಮ್ಮೆ ಅವಳನ್ನು ನೋಡಿದರು, ಒಮ್ಮೆ ಬಂಡೆಯ ಕಡೆ. ಆಮೇಲೆ ಕೋಳಿಯವನ ಕಡೆ ತಿರುಗಿ, "ಏನಯ್ಯಾ ಬಾಯಿ ಬಿಟ್ಕೊಂಡು ನಿಂತಿದೀಯ? ಈ ಹುಂಜ ಎಷ್ಟಕ್ಕೆ ಕೊಡ್ತೀಯ?" ಎಂದರು. ಕೋಳಿಯವನಿಗೆ ಅರ್ಥವಾಯಿತು. ಬೆಲೆ ಹೇಳಿದ, ಬೇಕೆಂದೇ ದುಬಾರಿಯಾಗಿ. ಯಜಮಾನರು ಬೇಕೆಂದೇ ಗಟ್ಟಿಯಾಗಿ ಜಗಳ ತೆಗೆದರು. ಬೋರಲಿಂಗ ಸೈಕಲ್ ಗಂಟೆಗಳನ್ನು ಒಂದೊಂದಾಗಿ ಬಾರಿಸಿ ಪರೀಕ್ಷಿಸತೊಡಗಿದ. ನೋಡುನೋಡುತ್ತಿದ್ದಂತೆ ಸಂತೆ ಮಾಮೂಲಿಗಿಂತ ಎರಡು ಪಟ್ಟು ಗದ್ದಲ ಮಾಡುತ್ತಿತ್ತು. ಪಕ್ಕದ ಮನೆಯ ಒಲೆಯಲ್ಲಿ ಏನು ಬೇಯುತ್ತಿದೆ ಎಂಬುದನ್ನೂ ಊರಿಗೆ ಹಂಚಿ ತಿನ್ನುತ್ತಿದ್ದ ಆ ಜನ, ಅಂದು ಸಂಜೆಯವರೆಗೆ ಆ ಕೂಗಿನ ಬಗ್ಗೆ ಒಂದು ಸೊಲ್ಲೆತ್ತಲಿಲ್ಲ. ಹೊತ್ತು ಮುಳುಗುವ ಮುಂಚೆ ಹೊಂಬಾಳಕ್ಕ ಏಣಿ ಹತ್ತಿ, ಎಂದಿನಂತೆ, ಒಂದು ಮೊಳ ಅಡ್ಡಗೆರೆ ಎಳೆದು ಇಳಿದಳು. ನೋಡಿದವರೆಲ್ಲ ಬೇರೆ ಏನನ್ನೋ ನೋಡಿದರು.

ಮಾರನೆಯ ಬೆಳಿಗ್ಗೆ ನನಗೆ ಅಂಗಡಿ ತೆರೆಯಲು ಮನಸ್ಸಾಗದೆ ಕೆಳಗಿನ ಬೀದಿಗೆ ನಡೆದೆ. ಯಜಮಾನರ ಮನೆಯ ಗೋಡೆಗೆ ಏಣಿ ಒರಗಿತ್ತು. ತುದಿಯಲ್ಲಿ ಹೊಂಬಾಳಕ್ಕ, ಬುಡದಲ್ಲಿ ಏಣಿ ಹಿಡಿದು ಸ್ವತಃ ಯಜಮಾನರು, ಹೆಗಲ ಮೇಲೆ ಟವೆಲು, ಬಾಯಲ್ಲಿ ಬೇವಿನ ಕಡ್ಡಿ. ಅವಳು ಹಿಂದಿನ ಸಂಜೆ ಎಳೆದ ಗೆರೆಯಲ್ಲಿ ಮಧ್ಯಾಹ್ನದಿಂದೀಚಿನದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು. ಕೂಗು ಬಂದ ಗಳಿಗೆ ಎಲ್ಲಿ ಬೀಳುತ್ತದೋ ಅಲ್ಲೇ, ಈ ಬೆಳಗಿನ ಜಾಗದಲ್ಲಿ ಅಲ್ಲ, ಕುಂಚವನ್ನು ಇಟ್ಟು ಮೇಲಕ್ಕೆ ಎಳೆದಳು. ಒಂದು ಭತ್ತದಷ್ಟು. ನಮ್ಮೆಲ್ಲರಿಗೂ ಕೊಟ್ಟಿದ್ದಷ್ಟೇ, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಸ್ವಲ್ಪ ಹೊತ್ತು ಗೋಡೆಗೆ ಹಣೆ ತಾಗಿಸಿ ಹಾಗೇ ನಿಂತಿದ್ದಳು. ಕೆಮ್ಮಣ್ಣು ಅವಳ ಮೊಣಕೈವರೆಗೆ ಇಳಿದಿತ್ತು.

ಆಮೇಲೆ, ತಿರುಗಿ ನೋಡದೆ, ಕೇಳಿದಳು: "ಯಜಮಾನ್ರೇ, ನಿನ್ನೆ ಮಧ್ಯಾಹ್ನ ನೀವೂ ಸಂತೆಯಲ್ಲೇ ಇದ್ರಲ್ಲ?"

"ಇದ್ದೆ."

"ಕೂಗು ಕೇಳಿಸ್ಲಿಲ್ವಾ?"

ಯಜಮಾನರು ಬೇವಿನ ಕಡ್ಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದರು. "ಇಲ್ವಲ್ಲಕ್ಕ."

"ನಿಮಗೊಬ್ಬರಿಗೇನಾ, ಊರಿಗೂರೇ ಕಿವುಡಾಗಿತ್ತಾ?"

"ಆಗಿತ್ತಕ್ಕ," ಎಂದರು ಯಜಮಾನರು. "ನಿನ್ನೆ ಒಂದು ದಿನದ ಮಟ್ಟಿಗೆ. ನಿಧಾನವಾಗಿ ಇಳೀರಿ, ಏಣಿ ಹಿಡ್ಕೊಂಡಿದೀನಿ."